ಅಪ್ಪಂಗೆ ಡಯಾಲಿಸಿಸ್, ಎಲ್ರೂ "ಥ್ಯಾಂಕ್‌ಫುಲ್ ಆಗಿರು" ಅಂತಾರೆ, ನಂಗೆ ಸಿಟ್ಟೇ ಬರುತ್ತೆ. ನಿಮ್ಗೂ ಹೀಗೆ ಆಗಿದ್ಯಾ?

ಹರಿಹರದ_ಹುಡುಗಿ:

ಎಲ್ರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದ್ಲು, ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನಮ್ಮಪ್ಪ ದಾವಣಗೆರೆಲಿ ಕಾಟನ್ ಮಿಲ್ಲಲ್ಲಿ ಇದ್ದೋರು, ಮಿಲ್ ಮುಚ್ಚಿದ್ಮೇಲೆ ಮಂಡಕ್ಕಿ ಭಟ್ಟಿಲಿ ಲೆಕ್ಕ ಬರ್ಕೊಂಡು ನಮ್ಮನ್ನ ಓದಿಸಿದ್ರು. ಶುಗರ್ ಬಿಪಿ ಎರಡೂ ಮೊದ್ಲಿಂದ ಇತ್ತು, ಹೋದ ವರ್ಷ ಕಿಡ್ನಿ ಕೈಕೊಡ್ತು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾಲ್ಕು ಗಂಟೆ ಮಷೀನು ಅಂತಾರೆ ಅಷ್ಟೇ, ಆದ್ರೆ ಬೆಳಗಿನ ಜಾವ ಎದ್ದು ಹೊರಡೋದು, ತೂಕ ನೋಡೋದು, ಆಮೇಲೆ ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲೋವರ್ಗೂ ಒತ್ತಿ ಹಿಡ್ಕೊಂಡು ಕೂರೋದು, ಬಿಪಿ ಇಳಿದ್ರೆ ಇನ್ನೊಂದು ಗಂಟೆ ಅಲ್ಲೇ ಮಲಗ್ಸೋದು, ಎಲ್ಲಾ ಸೇರಿ ಅರ್ಧ ದಿನ ಹೋಯ್ತು ಅಂತ್ಲೇ ಲೆಕ್ಕ. ನಾನು ಒಂದು ಸೊಸೈಟಿಲಿ ಕ್ಲರ್ಕು, ಲೇಟಾಗಿ ಹೋದಾಗೆಲ್ಲ ಮ್ಯಾನೇಜರ್ ಮುಖ ನೋಡೋಕಾಗಲ್ಲ.

ವಿಷ್ಯ ಇದಲ್ಲ. ಅಣ್ಣ ಬೆಂಗ್ಳೂರಲ್ಲಿದಾನೆ, ದಿನಾ ಬೆಳಗ್ಗೆ ವಾಟ್ಸಾಪಲ್ಲಿ ಸೂರ್ಯ ಹುಟ್ಟೋ ವಿಡಿಯೋ, "ಇಂದು ನೀವು ಪಡೆದ ಐದು ವರಗಳನ್ನು ನೆನೆಯಿರಿ" ಅಂತ. ನಮ್ಮತ್ತೆ ಬಂದಾಗೆಲ್ಲ "ನಮಗಿಂತ ಕೆಳಗಿರೋರ್ನ ನೋಡಿ ಬದುಕ್ಬೇಕು ಕಣೆ, ನಿಮ್ಮಪ್ಪ ನಡ್ಕೊಂಡಾದ್ರೂ ಓಡಾಡ್ತಾನಲ್ಲ" ಅಂತಾರೆ. ಆಫೀಸಲ್ಲಿ ಒಬ್ರು ಗ್ರಾಟಿಟ್ಯೂಡ್ ಆ್ಯಪ್ ಹಾಕ್ಕೊಟ್ರು, ಅದು ರಾತ್ರಿ ಸರಿಯಾಗಿ ನಾನು ಅಪ್ಪಂಗೆ ದಿನಕ್ಕೆ ಇಷ್ಟೇ ಅಂತ ಅಳೆದಿಟ್ಟ ನೀರಿನ ಬಾಟ್ಲಿಲಿ ಎಷ್ಟು ಉಳಿದಿದೆ ಅಂತ ನೋಡ್ತಿರೋ ಹೊತ್ತಿಗೆ ಟಿಣ್ ಅನ್ನುತ್ತೆ, ಇವತ್ತು ಯಾವುದಕ್ಕೆ ಕೃತಜ್ಞರು ಅಂತ. ಮೊದ್ಲು "ಅಪ್ಪ ಇದಾರೆ" ಅಂತ ಬರೆದೆ, ಮಾರನೇ ದಿನಾನೂ ಅದೇ, ಆಮೇಲೆ "ಕರೆಂಟ್ ಇದೆ" ಅಂತ ಬರೆದೆ, ಆಮೇಲೆ ಆ ಫೋನ್ನೇ ಎತ್ತಿ ಬಿಸಾಕ್ಬೇಕು ಅನ್ನಿಸ್ತು.

ಇದು ನಿಜವಾಗ್ಲೂ ಯಾರಿಗಾದ್ರೂ ಕೆಲ್ಸ ಮಾಡಿದ್ಯಾ? ಇಲ್ಲಾ ನನ್ನ ಮನಸ್ಸೇ ಒಣಗೋಗಿದ್ಯಾ? ದಯವಿಟ್ಟು ಸುಭಾಷಿತ ಕಳಿಸ್ಬೇಡಿ, ಮೊಬೈಲ್ ಸ್ಟೋರೇಜ್ ಫುಲ್ ಆಗಿದೆ.

ಹುಬ್ಬಳ್ಳಿ_ಕಾಕಾ:

ತಂಗಿ, ನಿನ್ ಪೋಸ್ಟ್ ಓದಿ ಸುಮ್ನ ಕೂಡಾಕ ಆಗ್ಲಿಲ್ಲ. ನಮ್ಮ ಮನಿಯಾಕಿನೂ ಇದರಾಗ ಇದ್ಲು, ಹ್ವಾದ ದೀಪಾವಳಿ ಮುಂದ ತೀರಿಕೊಂಡ್ಲು. ಅದಕ್ಕ ನಿಮ್ಮತ್ತಿ ಮಾತಿಗೆ ಮೊದಲ ಉತ್ತರಾ ಹೇಳ್ತೀನಿ. ಈ "ಕೆಳಗಿದ್ದವರನ್ನ ನೋಡು" ಅನ್ನೂದು ಹೊರಗ ನಿಂತವರ ಮಾತು. ಡಯಾಲಿಸಿಸ್ ರೂಮಿನ್ಯಾಗ ಯಾರು ಮ್ಯಾಲ, ಯಾರು ಕೆಳಗ? ನಮ್ಮಾಕಿ ಒಮ್ಮೆ ಅಂದ್ಲು, "ಮಗ್ಗಲ ಹಾಸಿಗಿಯಾಕಿ ನನ್ನ ನೋಡಿ ಸಮಾಧಾನ ಮಾಡ್ಕೊಳ್ಳಾಕತ್ತಾಳ, ನಾ ಆಕಿನ್ನ ನೋಡಿ ಮಾಡ್ಕೊಳ್ಳಾಕತ್ತೇನಿ, ಇಬ್ರಾಗ ಯಾರೋ ಒಬ್ರು ತಪ್ಪ ತಿಳಕೊಂಡೇವಿ" ಅಂತ. ಹೇಳಿ ತಾನ ನಕ್ಳು, ಆ ಮಗ್ಗಲಾಕಿನೂ ಕೇಳಿಸ್ಕೊಂಡು ನಕ್ಳು. ಮುಂದ ಇಬ್ರೂ ಭಾಳ ದೋಸ್ತ್ ಆದ್ರು, ಮಾತಾಡೂದು ಬರೇ ಊಟದ್ದು, ಇಬ್ಬರಿಗೂ ತಿನ್ನಾಕ ಬಿಡದಂಥಾ ಊಟದ್ದು.

ನಾ ಯಾವ ಡೈರಿನೂ ಬರೀಲಿಲ್ಲ. ಡಾಕ್ಟರ್ ಒಂದ್ ಕೆಲಸ ಹೇಳಿದ್ರು, ದಿನಾ ಮುಂಜಾನೆ ಕೈಯಾಗಿನ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಾಕ ಆಪರೇಶನ್ ಮಾಡಿ ರಕ್ತನಾಳ ಕೂಡಿಸಿದ ಜಾಗಾ) ಮ್ಯಾಲ ಬೆರಳ ಇಟ್ಟು ನೋಡ್ರಿ, ಝುಮ್ ಅಂತ ನಡಗ್ತಿರ್ಬೇಕು, ನಿಂತಿತ್ತಂದ್ರ ತಡಾ ಮಾಡದ ಬರ್ರಿ ಅಂತ. ಚಾ ಇಡೂದಕ್ಕಿಂತ ಮೊದಲ ಅದನ್ನ ಮಾಡ್ತಿದ್ದೆ. ಆಕಿ ನಿದ್ದಿಗಣ್ಣಾಗ "ಐತೇನ್ರಿ?" ಅಂತಿದ್ಲು, ನಾ "ಐತಿ" ಅಂತಿದ್ದೆ. ಅಷ್ಟ. ಅದಕ್ಕ ನಾ ಹೆಸರ ಏನೂ ಇಟ್ಟಿದ್ದಿಲ್ಲ. ಈಗ ನೀ ಕೇಳಿದ ಮ್ಯಾಲ ಅನಸ್ತದ, ನಿಮ್ಮ ಆ್ಯಪ್ ಕೇಳೂದು ಅದನ್ನ ಇರ್ಬೇಕು.

ಸಿಟ್ಟು ಬಂದ್ರ ಬರ್ಲಿ ಬಿಡವಾ. ಸಿಟ್ಟೂ ಇರ್ತದ, ಇದೂ ಇರ್ತದ. ಮತ್ತ ಅಣ್ಣಗ ಹೇಳು, ವಿಡಿಯೋ ಸಾಕು, ತಿಂಗಳಿಗೆ ಎರಡ್ ದಿನಾ ಬಂದು ಹಾಸಿಗಿ ಬಾಜೂಕ ಕೂಡು ಅಂತ.

ಓದೋ_ಹುಳ:

ಕಾಕಾ ಅವರ ಮಾತಿನ್ಮೇಲೆ ನಾನು ಬರೆಯೋದು ಸಪ್ಪೆ ಅನ್ಸುತ್ತೆ, ಆದ್ರೂ "ಕೆಲ್ಸ ಮಾಡುತ್ತಾ" ಅಂತ ಕೇಳಿದೀರಲ್ಲ, ನಾನು ಸೈಕಾಲಜಿ ಓದ್ದೋನು, ಅದಕ್ಕೆ ಬರೀತಿದೀನಿ.

ಈ ಡೈರಿ ಐಡಿಯಾ ಅಷ್ಟೊಂದು ಹಬ್ಬೋಕೆ ದೊಡ್ಡ ಕಾರಣ 2003ರಲ್ಲಿ ಅಮೆರಿಕದ ಸೈಕಾಲಜಿಸ್ಟ್‌ಗಳಾದ ರಾಬರ್ಟ್ ಎಮ್ಮನ್ಸ್, ಮೈಕೆಲ್ ಮೆಕಲಫ್ ಇಬ್ರೂ ಪ್ರಕಟಿಸಿದ ಅಧ್ಯಯನ. ಕಾಲೇಜ್ ಹುಡುಗ್ರನ್ನ ಮೂರು ಗುಂಪು ಮಾಡಿ, ಒಂದು ಗುಂಪು ವಾರಕ್ಕೊಂದ್ಸಲ ಐದರವರ್ಗೂ ಒಳ್ಳೇ ವಿಷ್ಯ ಬರೀಬೇಕು, ಇನ್ನೊಂದು ಗುಂಪು ಕಿರಿಕಿರಿಗಳನ್ನ ಬರೀಬೇಕು, ಮೂರನೇದು ಸುಮ್ನೆ ನಡೆದಿದ್ದನ್ನ ಬರೀಬೇಕು, ಹತ್ತು ವಾರ. ಒಳ್ಳೇದು ಬರೆದವರಿಗೆ ತಮ್ಮ ಜೀವನದ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಅದೇ ಪೇಪರಲ್ಲಿ ನರ-ಸ್ನಾಯು ಕಾಯಿಲೆ ಇರೋ ಪೇಷಂಟ್‌ಗಳ ಹತ್ರ 21 ದಿನ ಬರೆಸಿದ್ರು, ಅವ್ರಿಗೆ ನಿದ್ದೆ ಕೂಡ ಸ್ವಲ್ಪ ಚೆನ್ನಾಗಾಯ್ತು. ಸೋ ಪೂರ್ತಿ ಬುರುಡೆ ಅಂತೂ ಅಲ್ಲ. ಆದ್ರೆ ಹತ್ತು ವಾರ ಬರೀ ಕಿರಿಕಿರಿನೇ ಬರ್ಕೊಂಡು ಕೂತೋರ ಪಕ್ಕ ನಿಂತ್ರೆ ಯಾರಾದ್ರೂ ಖುಷಿಯಾಗಿ ಕಾಣ್ತಾರೆ ಅಲ್ವಾ, ಅದೂ ಒಂದು. ಮುಂದೆ ಇಂಥ 27 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದವರು 2021ರಲ್ಲಿ ಹೇಳಿದ್ದು, ಖಿನ್ನತೆ ಆತಂಕ ಕಮ್ಮಿ ಮಾಡೋದ್ರಲ್ಲಿ ಇದ್ರಿಂದ ಆಗೋ ಲಾಭ ಸಣ್ಣದು, ಇದನ್ನೇ ಚಿಕಿತ್ಸೆ ಅಂತ ನಂಬ್ಕೊಂಡು ಕೂರ್ಬೇಡಿ ಅಂತ. ಇನ್ನೊಂದು ಮಜಾ, ಇನ್ನೊಬ್ಬ ಸೈಕಾಲಜಿಸ್ಟ್ ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದವರು ನೋಡಿದಾಗ ವಾರಕ್ಕೆ ಒಂದ್ಸಲ ಬರೆದವರಿಗೆ ಉಪಯೋಗ ಆಯ್ತು, ಮೂರು ಸಲ ಬರೆದವರಿಗೆ ಆಗ್ಲಿಲ್ಲ. ನಿಮ್ಮ ಆ್ಯಪ್ ದಿನಾ ಟಿಣ್ ಅಂದು "ಕರೆಂಟ್ ಇದೆ" ಅಂತ ಬರೆಸ್ತಿದೆ, ಬೇಜಾರಾಗ್ದೆ ಇನ್ನೇನು. ನೋಟಿಫಿಕೇಶನ್ ಆಫ್ ಮಾಡಿ ಮೊದ್ಲು.

ಮನಸ್ಸು ಒಣಗಿದ್ಯಾ ಅಂದ್ರಲ್ಲ, ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಯಾಕಪ್ಪಾ ಈ ಬದುಕು ಅನ್ನೋ ಥರ ಆಗ್ತಿದ್ರೆ ಡೈರಿ ಗೀರಿ ಬಿಟ್ಟು 14416ಗೆ ಕಾಲ್ ಮಾಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದೇ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ನೋಡ್ಕೊಳ್ಳೋರಿಗೂ ಸುಸ್ತಾಗುತ್ತೆ, ಅದು ಕೃತಘ್ನತೆ ಅಲ್ಲ.

ನೇರ_ಮಾತು:

ನಾನು ಸ್ವಲ್ಪ ಖಾರವಾಗೇ ಹೇಳ್ತೀನಿ. ಈ ಥ್ಯಾಂಕ್‌ಫುಲ್ ಉಪದೇಶ ಯಾವಾಗ್ಲೂ ಕಷ್ಟದಲ್ಲಿರೋರಿಗೇ ಯಾಕೆ? ಆಸ್ಪತ್ರೆಲಿ ಮಷೀನ್ ಕೆಟ್ರೆ "ಫ್ರೀ ಸಿಗ್ತಿದೆ ಅಲ್ವಾ, ಪುಣ್ಯ ಅನ್ಕೊಳ್ಳಿ", ಮೆಡಿಸಿನ್ ಹೊರಗಡೆ ಬರೆದುಕೊಟ್ರೆ "ಇಷ್ಟಾದ್ರೂ ಆಗ್ತಿದೆ ಅಲ್ವಾ". ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರ ಕೇಂದ್ರ ಬಜೆಟ್ಟಲ್ಲಿ ಘೋಷಣೆ ಆಗಿದ್ದು, ಬಿಪಿಎಲ್ ಕುಟುಂಬಗಳಿಗೆ ಜಿಲ್ಲಾಸ್ಪತ್ರೆಲಿ ಉಚಿತ ಅಂತ. ಅದು ಯಾರೋ ದಾನ ಕೊಟ್ಟಿದ್ದಲ್ಲ, ನಿಮ್ಮಪ್ಪ ಇಷ್ಟು ವರ್ಷ ಬೆಂಕಿಪೊಟ್ಟಣದಿಂದ ಹಿಡಿದು ಕೊಂಡಿದ್ದಕ್ಕೆಲ್ಲ ಟ್ಯಾಕ್ಸ್ ಕಟ್ಟಿದಾರೆ. ಕೈ ಮುಗಿದು ಮುಗಿದು ನಾವು ಕೇಳೋದನ್ನೇ ಮರೆತಿದೀವಿ. ಸಿಟ್ಟು ಇಟ್ಕೊಳ್ಳಿ ಮೇಡಂ, ಕೆಲ್ಸಕ್ಕೆ ಬರುತ್ತೆ.

ಹುಬ್ಬಳ್ಳಿ_ಕಾಕಾ:

@ನೇರ_ಮಾತು ತಮ್ಮಾ, ಸರ್ಕಾರಕ್ಕ ಕೈ ಮುಗೀ ಅಂತ ಯಾರ್ ಹೇಳ್ಯಾರ? ಮಷೀನ್ ಕೆಟ್ಟಾಗ ನಾನೂ ಹೋಗಿ ಬಾಯಿ ಮಾಡೇನಿ. ಆದ್ರ ಅವತ್ತು ರಾತ್ರಿ ಪಾಳಿ ಮುಗಿಸಿ ಮನಿಗೆ ಹೊಂಟಿದ್ದ ಹುಡುಗ ವಾಪಸ್ ಬಂದು ಇನ್ನೊಂದ್ ಮಷೀನಿಗೆ ನಮ್ಮಾಕಿನ್ನ ಹಚ್ಚಿದ. ಅವಗ ಯಾರೂ ಹೇಳಿದ್ದಿಲ್ಲ. ಹಕ್ಕು ಅಂತ ಕೇಳಿದ್ರ ಮಷೀನ್ ಸಿಗ್ತದ, ಆ ಹುಡುಗ ಬಸ್ ಸ್ಟ್ಯಾಂಡಿನಿಂದ ತಿರಗಿ ಬಂದಿದ್ದನ್ನ ಯಾವ ಹಕ್ಕಿನ್ಯಾಗ ಬರೀತಿ?

ನೇರ_ಮಾತು:

ಕಾಕಾ, ಆ ಹುಡುಗಂಗೆ ಓವರ್‌ಟೈಮ್ ಕೊಟ್ರಾ ಅಂತ ಕೇಳಿದ್ರಾ? ಅದನ್ನೂ ಕೇಳ್ಬೇಕು. ಆದ್ರೂ ನಿಮ್ಮ ಮಾತು ಒಪ್ಕೋತೀನಿ, ಅವ್ನಿಗೆ ಥ್ಯಾಂಕ್ಸ್ ಹೇಳೋದು ಬೇರೆ, ವ್ಯವಸ್ಥೆಗೆ ಹೇಳೋದು ಬೇರೆ.

ಹರಿಹರದ_ಹುಡುಗಿ:

ಎಲ್ರಿಗೂ ಒಟ್ಟಿಗೆ ಬರೀತಿದೀನಿ. ಕಾಕಾ, ನಿಮ್ಮ ಮನೆಯವರ ವಿಷ್ಯ ಓದಿ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಆ ಫಿಸ್ಟುಲಾ ನಾನು ಯಾವತ್ತೂ ಮುಟ್ಟಿ ನೋಡಿರ್ಲಿಲ್ಲ, ಆ ಕೈಗೆ ಬಿಪಿ ನೋಡ್ಬಾರ್ದು, ಆ ಕೈಲಿ ಭಾರ ಎತ್ಬಾರ್ದು ಅಂತೆಲ್ಲ ಹೇಳಿದ್ರಲ್ಲ, ಭಯ. ನಿನ್ನೆ ಕೇಳ್ದೆ ಮುಟ್ಲಾ ಅಂತ. ಅಪ್ಪ ಸುಮ್ನೆ ಕೈ ಚಾಚಿದ್ರು. ನಿಜವಾಗ್ಲೂ ಝುಮ್ ಅನ್ನುತ್ತೆ! ಅಪ್ಪ ಅಂದ್ರು, "ಮಿಲ್ಲಲ್ಲಿ ಮಗ್ಗ ಓಡ್ತಿರುವಾಗ ಕಂಬದ ಮೇಲೆ ಕೈ ಇಟ್ರೆ ಹಿಂಗೇ ಇರೋದು, ರಾತ್ರಿ ಪಾಳಿಲಿ ಕಂಬಕ್ಕೆ ಒರಗಿ ನಿದ್ದೆ ಮಾಡ್ತಿದ್ವಿ" ಅಂತ. ಮಿಲ್ ಬಗ್ಗೆ ಅಪ್ಪ ಮಾತಾಡಿ ಎಷ್ಟೋ ವರ್ಷ ಆಗಿತ್ತು. ಆಮೇಲೆ ಅರ್ಧ ಗಂಟೆ ಕ್ಯಾಂಟೀನ್ ಕತೆ, ಯೂನಿಯನ್ ಕತೆ, ಯಾರೋ ಸೂಪರ್‌ವೈಸರ್ ಟಿಫಿನ್ ಕದ್ದ ಕತೆ. ನಾನು ಆಫೀಸಿಗೆ ಮತ್ತೆ ಲೇಟ್ 😀

@ನೇರ_ಮಾತು ಸರ್, ನೀವು ಹೇಳಿದ್ದೂ ನಿಜ. ಬಸ್ಸಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಂಗೆ ಜೀರೋ ಟಿಕೆಟ್, ಅಪ್ಪಂಗೆ ದುಡ್ಡಿನ ಟಿಕೆಟ್, ಅಂದ್ರೆ ಪೇಷಂಟ್ ದುಡ್ಡು ಕೊಡ್ತಾರೆ, ಜೊತೆಗೆ ಹೋಗೋಳು ಫ್ರೀ. ಅಪ್ಪ ದಿನಾ ಕಂಡಕ್ಟರ್ ಹತ್ರ "ನನ್ನನ್ನೂ ಹೆಂಗಸು ಅಂತ ಬರ್ಕೊಳ್ಳಪ್ಪ" ಅಂತಾರೆ, ಆಯಪ್ಪ ದಿನಾ ನಗ್ತಾರೆ. ನಂಗೆ ಮಾತ್ರ ಆ ಜೋಕು ಕೇಳಿ ಕೇಳಿ ಸಾಕಾಗಿತ್ತು.

ಅಣ್ಣಂಗೆ ಹೇಳ್ದೆ. "ರಜೆ ಸಿಗಲ್ಲ" ಅಂದ, ಆಮೇಲೆ ರಾತ್ರಿ ಅವನೇ ಫೋನ್ ಮಾಡಿ ಎರಡನೇ ಶನಿವಾರ ಬರ್ತೀನಿ ಅಂದಿದಾನೆ. ನೋಡೋಣ. ಆ್ಯಪ್ ತೆಗೆದು ಹಾಕಿದೀನಿ.

ಡಯಾಲಿಸಿಸ್_ಟೆಕ್ನಿಷಿಯನ್:

ಕಾಕಾ ಹೇಳಿದ ಆ ಹುಡುಗನ ಜಾತಿಯೋಳೇ ನಾನೂ, ಡಯಾಲಿಸಿಸ್ ಟೆಕ್ನಿಷಿಯನ್ನು, ಗುತ್ತಿಗೆ ಮೇಲೆ. (ಓವರ್‌ಟೈಮ್ ಬಗ್ಗೆ ಕೇಳಿದವರಿಗೆ ನನ್ನ ನಮಸ್ಕಾರ, ನಮ್ಗೆ ಸಂಬಳವೇ ಟೈಮಿಗೆ ಬಂದ್ರೆ ಹಬ್ಬ.)

ನಮ್ ಕಡೆಯಿಂದ ಒಂದು ಮಾತು. ಜನ ಥ್ಯಾಂಕ್ಸ್ ಅಂತ ಸ್ವೀಟ್ ತರ್ತಾರೆ, ಹಬ್ಬಕ್ಕೆ ಹೋಳಿಗೆ ತರ್ತಾರೆ, ಖುಷಿ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಕೈ ಮುಗಿಬೇಕು ಅನ್ಸೋದು ಎರಡು ಡಯಾಲಿಸಿಸ್ ನಡುವೆ ತೂಕ ಹಿಡಿತದಲ್ಲಿ ಇಟ್ಕೊಂಡು ಬರೋ ಪೇಷಂಟ್‌ಗೆ. ಯಾಕೆ ಹೇಳ್ತೀನಿ ಅಂದ್ರೆ, ಮೂತ್ರ ಹೋಗಲ್ಲ ಅಂದ್ಮೇಲೆ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತೆ, ಅಷ್ಟನ್ನೂ ನಾವು ನಾಲ್ಕು ಗಂಟೆಲಿ ತೆಗೀಬೇಕು. ಜಾಸ್ತಿ ತೆಗೆದಷ್ಟೂ ಬಿಪಿ ಬೀಳುತ್ತೆ, ಕಾಲು ಸೆಟೆದುಕೊಳ್ಳುತ್ತೆ, ದೊಡ್ಡ ದೊಡ್ಡ ಗಂಡಸರು ಅಳ್ತಾರೆ, ನಾನು ಕಾಲು ತಿಕ್ತಾ ನಿಂತಿರ್ತೀನಿ. ಬಾಯಾರಿಕೆ ತಡ್ಕೊಂಡು ಬಂದೋರು ಆ ನಾಲ್ಕು ಗಂಟೆ ಪೇಪರ್ ಓದ್ತಾರೆ.

ನಿಮ್ಮತ್ತೆ ಎಳನೀರು ತರ್ತಾರಾ? ಯಾರಾದ್ರೂ ತಂದೇ ತರ್ತಾರೆ, ಪ್ರೀತಿಗೆ. ದಯವಿಟ್ಟು ಕೊಡ್ಬೇಡಿ, ಅದ್ರಲ್ಲಿ ಪೊಟ್ಯಾಸಿಯಮ್ ಜಾಸ್ತಿ, ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ಹಾರ್ಟಿನ ಬಡಿತಾನೇ ಏರುಪೇರಾಗುತ್ತೆ. ಬಾಳೆಹಣ್ಣೂ ಅಷ್ಟೇ. ತರಕಾರಿ ಸಣ್ಣಗೆ ಹೆಚ್ಚಿ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ ಮಾಡಿ. ಬಾಯಿ ಒಣಗಿದ್ರೆ ಒಂದು ಐಸ್ ತುಂಡು ಬಾಯಲ್ಲಿ ಇಟ್ಕೊಳ್ಳೋಕೆ ಹೇಳಿ, ಲೋಟ ಎತ್ತೋದಕ್ಕಿಂತ ಎಷ್ಟೋ ವಾಸಿ.

ಹರಿಹರದ_ಹುಡುಗಿ:

ಅಕ್ಕಾ, ಎಳನೀರು ಅತ್ತೆ ಹೋದ ವಾರ ತಂದಿದ್ರು, ನಾನೇ ಕುಡಿದೆ, ಅಪ್ಪಂಗೆ ಕೊಡ್ಲಿಲ್ಲ ಅಂತ ಈಗ್ಲೂ ಮುಖ ಊದಿಸ್ಕೊಂಡಿದಾರೆ. ನಿಮ್ಮ ಮೆಸೇಜ್ ಅವರಿಗೆ ಓದಿ ಹೇಳ್ತೀನಿ. ಇನ್ನೊಂದು ಕೇಳ್ಲಾ, ಅಪ್ಪಂಗೆ ಡಾಕ್ಟರ್ ದಿನಕ್ಕೆ ಒಂದು ಲೀಟರ್ ಒಳಗೆ ಅಂದಿದಾರೆ, ಬೆಳಗಿನ ಕಾಫಿ ಅದರಲ್ಲಿ ಸೇರುತ್ತಾ? ಅಪ್ಪ ಸೇರಲ್ಲ ಅಂತ ವಾದ ಮಾಡ್ತಾರೆ.

ಡಯಾಲಿಸಿಸ್_ಟೆಕ್ನಿಷಿಯನ್:

ಎಲ್ಲಾ ಅಪ್ಪಂದಿರೂ ಅದೇ ವಾದ ಮಾಡೋದು. ಸೇರುತ್ತೆ. ಸಾರು, ಮಜ್ಜಿಗೆ, ಗಂಜಿ, ಮಾತ್ರೆ ನುಂಗೋ ನೀರು, ನಾನು ಹೇಳಿದ ಐಸ್ ತುಂಡು, ಎಲ್ಲಾ ಸೇರುತ್ತೆ. ಕಾಫಿ ಬಿಡಿಸ್ಬೇಡಿ ಪಾಪ, ಸಣ್ಣ ಲೋಟಕ್ಕೆ ಬದಲಾಯಿಸಿ.