ಈ ಶನಿವಾರ, ಭಾನುವಾರ ಸಿಹಿಗುಂಬಳದ ಸೂಪ್: ಹೋಳು ಕೆಂಪಗಾಗಲು ಏನು ಮಾಡಬೇಕು?

ಪ್ರಶ್ನೆ: ಚಳಿ ಮೆಲ್ಲಗೆ ಶುರುವಾಗಿದೆ, ಎರಡು ದಿನ ಎಲ್ಲೂ ಹೋಗದೆ ಮನೆಯಲ್ಲೇ ನಿಧಾನವಾಗಿ ಅಡುಗೆ ಮಾಡಬೇಕು ಅಂತ ಆಸೆ. ಒಂದು ದೊಡ್ಡ ಸಿಹಿಗುಂಬಳ ಇದೆ. ಓವನ್‌ನಲ್ಲಿಟ್ಟರೆ ಹೋಳು ಕೆಂಪಗಾಗದೆ ನೀರು ಬಿಟ್ಟು ಮೆತ್ತಗಾಗುತ್ತದೆ. ಯಾಕೆ?

ಉತ್ತರ 1: ಟ್ರೇ ತುಂಬಾ ಒತ್ತೊತ್ತಾಗಿ ಹರಡಿದರೆ ಹಾಗೇ ಆಗೋದು. ಹೋಳಿನ ನೀರು ಆವಿಯಾಗಿ ಹೊರಗೆ ಹೋಗಲು ಜಾಗ ಸಿಗದೆ ಅದರಲ್ಲೇ ಬೇಯುತ್ತದೆ. ಒಂದಂಗುಲದ ಹೋಳು ಮಾಡಿ, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ನಡುವೆ ಜಾಗ ಬಿಟ್ಟು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 30-40 ನಿಮಿಷ ಇಡಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಘಮ್ಮೆನ್ನಬೇಕು, ಸೂಪಿನ ರುಚಿಯೆಲ್ಲ ಅಲ್ಲೇ ಇರೋದು.

ಉತ್ತರ 2: ಜೊತೆಗೆ ಈರುಳ್ಳಿ, ಸಿಪ್ಪೆ ಸಮೇತ ಬೆಳ್ಳುಳ್ಳಿಯನ್ನೂ ಇಡಿ. ಬೆಳ್ಳುಳ್ಳಿ ಬೆಂದ ಮೇಲೆ ಹಿಂಡಿದರೆ ಬೆಣ್ಣೆ ಥರ ಬರುತ್ತದೆ, ರುಬ್ಬುವಾಗ ಸೇರಿಸಿ. ಬೀಜ ಬಿಸಾಡಬೇಡಿ! ತೊಳೆದು, ಚೆನ್ನಾಗಿ ಒಣಗಿಸಿ, ಉಪ್ಪು ಹಾಕಿ ಹುರಿದು ಸೂಪಿನ ಮೇಲೆ ಉದುರಿಸಿ.

ಉತ್ತರ 3: ಒಂದೇ ದಿನ ಎಲ್ಲ ಮುಗಿಸಬೇಕು ಅಂತ ಏನಿಲ್ಲ ಅಲ್ವಾ? ಹೆಚ್ಚಿದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರ್ನಾಲ್ಕು ದಿನ ಇರುತ್ತದೆ. ತೊಟ್ಟು ಗಟ್ಟಿಯಾಗಿರುವ ಇಡೀ ಕಾಯಿಯಾದರೆ, ತಂಪಾದ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ.