ಚಳಿಗಾಲದಲ್ಲಿ ಮನೆಯೊಳಗಿರುವ ಮೇಯರ್ ನಿಂಬೆ ಗಿಡ ಎಲೆ ಉದುರಿಸುತ್ತಿದೆ: ಏನು ಮಾಡಬೇಕು?

ಹಿತ್ತಲಗಿಡ (ಮಿನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದೊಡ್ಡ ಕುಂಡದಲ್ಲಿ ಬೆಳೆಸಿದ ಮೇಯರ್ ನಿಂಬೆಯ ಗಿಡವೊಂದಿದೆ. ಬೇಸಿಗೆಯುದ್ದಕ್ಕೂ ಹೊರಗಿನ ಬಿಸಿಲಿನಲ್ಲಿ ಸೊಂಪಾಗಿ ಚಿಗುರಿದ ಅದನ್ನು, ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಒಳಗೆ ತಂದು, ದಕ್ಷಿಣಕ್ಕೆ ಮುಖ ಮಾಡಿದ ಗಾಜಿನ ಬಾಗಿಲ ಪಕ್ಕದಲ್ಲಿ ಟೈಲ್ಸ್ ನೆಲದ ಮೇಲೆ ಇರಿಸಿದ್ದೇವೆ. ಹೊರಗೆ ಮೈನಸ್ 20ರ ಚಳಿ ಹಿಡಿದ ಮೇಲೆ, ಹಸಿರಾಗಿಯೇ ಇರುವ ಎಲೆಗಳು ಕೈ ತಾಗಿದರೆ ಸಾಕು, ಕಳಚಿ ಬೀಳುತ್ತಿವೆ. ಬಾಗಿಲ ಕಡೆಗಿರುವ ಕೊಂಬೆಗಳು ಮೊದಲು ಬರಿದಾದವು. ಬಿಸಿಲು ಚೆನ್ನಾಗಿ ಬಿದ್ದ ದಿನವೇ ಹೆಚ್ಚು ಎಲೆ ಉದುರುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಮಣ್ಣಿನಲ್ಲಿ ತೇವವಿದೆ. ತುದಿಯ ಕೆಲವು ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗಿದೆ. ಇಷ್ಟರ ನಡುವೆ ಮೊಗ್ಗುಗಳೂ ಮೂಡಿವೆ. ನೀರು ಹೆಚ್ಚಿಸಬೇಕೆ, ಗೊಬ್ಬರ ಕೊಡಬೇಕೆ, ಅಥವಾ ಜಾಗ ಬದಲಿಸಬೇಕೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಒಟ್ಟಾವಾ_ಕಾವೇರಿ

ನೀರನ್ನೂ ಹೆಚ್ಚಿಸಬೇಡಿ, ಗೊಬ್ಬರವನ್ನೂ ಹಾಕಬೇಡಿ. ಮೊದಲು ಮಣ್ಣಿನ ಉಷ್ಣಾಂಶವನ್ನು ಅಳೆಯಿರಿ. ಅಡುಗೆಮನೆಯ ಕಡ್ಡಿಯಂಥ ಥರ್ಮಾಮೀಟರನ್ನು ಬೆಳಗಿನ ಹೊತ್ತು ಕುಂಡದ ಮಣ್ಣಿನಲ್ಲಿ ನಾಲ್ಕು ಇಂಚು ಆಳಕ್ಕೆ ಚುಚ್ಚಿ ನೋಡಿ.

ನಿಂಬೆಯ ಜಾತಿಯ ಗಿಡಗಳ ಬೇರು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ಗಾಜಿನಿಂದ ಇಳಿಯುವ ತಣ್ಣನೆಯ ಗಾಳಿ ನೆಲದ ಮಟ್ಟದಲ್ಲೇ ನಿಲ್ಲುವುದರಿಂದ, ಕೋಣೆ ಬೆಚ್ಚಗಿದ್ದರೂ ಟೈಲ್ಸ್ ಮೇಲಿನ ಕುಂಡ ಒಳಗೊಳಗೇ ತಣ್ಣಗಾಗಿರುತ್ತದೆ. ಅದೇ ಹೊತ್ತಿಗೆ ಗಾಜಿನ ಮೂಲಕ ಬಿದ್ದ ಬಿಸಿಲು ಎಲೆಯನ್ನು ಕಾಯಿಸಿ ನೀರನ್ನು ಆವಿಯಾಗಿಸುತ್ತದೆ. ಎಲೆ ಕೇಳುವ ನೀರನ್ನು ಬೇರು ಒದಗಿಸಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತೇ ಗಿಡ ಬಾಯಾರಿ ಎಲೆ ಕಳಚುತ್ತದೆ. ಬಿಸಿಲಿದ್ದ ದಿನವೇ ಹೆಚ್ಚು ಉದುರುವುದು ಈ ಕಾರಣದಿಂದ. ಇಂಥ ಸ್ಥಿತಿಯಲ್ಲಿ ಮತ್ತಷ್ಟು ನೀರು ಹೊಯ್ದರೆ ಬೇರು ಕೊಳೆಯುವುದೊಂದೇ ಫಲ.

ಕುಂಡವನ್ನು ಗಾಜಿನಿಂದ ಎರಡಡಿ ಹಿಂದಕ್ಕೆ ಸರಿಸಿ, ಅಡಿಗೆ ದಪ್ಪ ಥರ್ಮೋಕೋಲ್ ಹಲಗೆಯನ್ನೋ ಗಾಲಿಗಳಿರುವ ಮರದ ಮಣೆಯನ್ನೋ ಕೊಡಿ. ಬಿಸಿಗಾಳಿ ಬರುವ ಕಿಂಡಿಯ ನೇರಕ್ಕೆ ಮಾತ್ರ ಇಡಬಾರದು. ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲಷ್ಟೇ ಉಗುರುಬೆಚ್ಚಗಿನ ನೀರನ್ನು ತಳದಿಂದ ಹರಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.

ಗಿಡವನ್ನು ತಂಪಿನಲ್ಲಿ ಇಡಬಾರದೆಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1680ರ ದಶಕದಲ್ಲಿ ಕಟ್ಟಿದ ಕಿತ್ತಳೆ ಮನೆಯಲ್ಲಿ (ಕಿತ್ತಳೆ ಜಾತಿಯ ಕುಂಡದ ಗಿಡಗಳನ್ನು ಚಳಿಗಾಲದಲ್ಲಿ ಇಡುವ ಕಟ್ಟಡದಲ್ಲಿ), ಬೆಂಕಿಯ ಕಾವಿಲ್ಲದೆ, ದಪ್ಪ ಗೋಡೆ ಮತ್ತು ದಕ್ಷಿಣದ ದೊಡ್ಡ ಕಿಟಕಿಗಳ ಬಲದಿಂದಲೇ ಮರದ ಪೆಟ್ಟಿಗೆಗಳಲ್ಲಿರುವ ನೂರಾರು ಗಿಡಗಳು ಇಂದಿಗೂ ಚಳಿಗಾಲ ಕಳೆಯುತ್ತವೆ. ಅಲ್ಲಿ ಎಲೆಯೂ ಬೇರೂ ಎರಡೂ ತಂಪಿನಲ್ಲಿದ್ದು ಗಿಡ ವಿಶ್ರಾಂತಿಯಲ್ಲಿರುತ್ತದೆ. ಮನೆಯಲ್ಲಿ ಅಂಥ ತಂಪಾದ, ಬೆಳಕಿರುವ ಕೋಣೆಯಿದ್ದರೆ ಅದೂ ಒಳ್ಳೆಯ ದಾರಿಯೇ. ಇಲ್ಲದಿದ್ದರೆ ಎರಡನ್ನೂ ಬೆಚ್ಚಗಿಟ್ಟು, ದಿನಕ್ಕೆ ಸುಮಾರು 12 ಗಂಟೆ ಎಲ್‌ಇಡಿ ಬೆಳಕು ಕೊಡಬೇಕು. ಮೇಲೆ ಬಿಸಿ, ಕೆಳಗೆ ತಂಪು ಎಂಬ ಸ್ಥಿತಿಯೇ ಅಪಾಯಕಾರಿ.

ಬಯಲುಸೀಮೆ_ತೋಟ (ವಿಜಯಪುರ)

ನಮ್ಮ ಇಂಡಿ ತಾಲ್ಲೂಕಿನ ಕಡೆ ಬೆಳೆಯುವ ಕಾಗ್ಜಿ ನಿಂಬೆಗೆ ಇಂಥ ಚಳಿಯ ಪ್ರಶ್ನೆಯೇ ಬರುವುದಿಲ್ಲ. ಚಳಿಯನ್ನು ತಾಳುವ ಶಕ್ತಿಯೂ ಅದಕ್ಕೆ ಮೇಯರ್‌ಗಿಂತ ಕಡಿಮೆ. ಆದ್ದರಿಂದ ಚಳಿ ದೇಶಗಳಲ್ಲಿ ಕಾಗ್ಜಿಯನ್ನು ಕುಂಡದಲ್ಲಿ ಬೆಳೆಸುವವರು ಮೇಲಿನ ಮಾತನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಂದಹಾಗೆ ಮೇಯರ್ ಕೂಡ ಕುಂಡಕ್ಕೆ ಒಗ್ಗಿದ ಗಿಡವೇ. ಅಮೆರಿಕದ ಕೃಷಿ ಇಲಾಖೆಗಾಗಿ ಗಿಡಗಳನ್ನು ಸಂಗ್ರಹಿಸುತ್ತಿದ್ದ ಫ್ರಾಂಕ್ ಮೇಯರ್ ಅವರು 1908ರಲ್ಲಿ ಅದನ್ನು ಚೀನಾದಿಂದ ಅಮೆರಿಕಕ್ಕೆ ತಂದರು; ಚೀನಾದ ಜನ ಅದನ್ನು ಅಲಂಕಾರಕ್ಕಾಗಿ ಕುಂಡಗಳಲ್ಲಿ ಬೆಳೆಸುತ್ತಿದ್ದರು.

ಹಳದಿ ಬಣ್ಣದ ವಿಷಯಕ್ಕೆ ಬರುತ್ತೇನೆ. ಎಳೆಯ ಎಲೆಯಲ್ಲಿ ನರ ಹಸಿರಾಗಿದ್ದು ಉಳಿದದ್ದು ಹಳದಿಯಾದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆಯ ಲಕ್ಷಣ. ಹಾಗೆಂದು ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಬೇರು ತಣ್ಣಗೆ ಒದ್ದೆಯಾಗಿದ್ದಾಗ, ಅಥವಾ ಗಡಸು ನೀರಿನಿಂದ ಮಣ್ಣು ಕ್ಷಾರೀಯವಾದಾಗ, ಇರುವ ಕಬ್ಬಿಣವೂ ಗಿಡಕ್ಕೆ ದಕ್ಕುವುದಿಲ್ಲ. ಬೇರು ಬೆಚ್ಚಗಾದ ಮೇಲೆ ಬರುವ ಚಿಗುರು ಹಸಿರಾಗಿದ್ದರೆ ಬೇರೆ ಚಿಕಿತ್ಸೆಯ ಅಗತ್ಯವಿಲ್ಲ. ಇಲ್ಲದಿದ್ದರೆ ಕೀಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ನೀರಿನಲ್ಲಿ ಕರಗಿಸಿ ಕೊಡಬಹುದು. ಉಪ್ಪು ಬಳಸಿ ಮೆದುಗೊಳಿಸಿದ ನೀರನ್ನು ಮಾತ್ರ ಹಾಕಬೇಡಿ. ಅದರ ಸೋಡಿಯಂ ನಿಂಬೆಗೆ ಹಾನಿಕರ.

ಎಲೆಯ ಬೆನ್ನನ್ನೂ ತಪ್ಪದೆ ನೋಡಿ. ನಡುನರದ ಉದ್ದಕ್ಕೆ ಕಂದು ಬಣ್ಣದ ಚಿಕ್ಕ ಉಬ್ಬುಗಳು ಅಂಟಿಕೊಂಡಿದ್ದು, ಉಗುರಿನಿಂದ ಕೆರೆದರೆ ಎದ್ದುಬರುವಂತಿದ್ದರೆ, ಮತ್ತು ಕೆಳಗಿನ ನೆಲ ಜಿಗುಟಾಗಿದ್ದರೆ, ಅದು ಶಲ್ಕ ಕೀಟ. ಹೊರಗೆ ಅದನ್ನು ತಿನ್ನುವ ಗುಲಗಂಜಿ ಹುಳುಗಳು ಮನೆಯೊಳಗೆ ಇರುವುದಿಲ್ಲವಾದ್ದರಿಂದ ಅದು ಬೇಗ ಹಬ್ಬುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆದು, ಆಮೇಲೆ ಕೀಟನಾಶಕ ಸೋಪಿನ ದ್ರಾವಣ ಸಿಂಪಡಿಸಿ. ಸೂಕ್ಷ್ಮವಾದ ಬಲೆ ಮತ್ತು ಮಾಸಲು ಚುಕ್ಕೆಗಳು ಕಂಡರೆ ಅದು ನುಸಿ. ಹೀಟರಿನ ಒಣಗಾಳಿ ಅದಕ್ಕೆ ಬಲು ಹಿತ. ಆಗ ಗಿಡವನ್ನು ಬಚ್ಚಲಿಗೆ ಒಯ್ದು ಎಲೆಗಳ ಅಡಿಭಾಗವನ್ನು ಷವರಿನಿಂದ ತೊಳೆಯಿರಿ.

ಹಿತ್ತಲಗಿಡ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋಣೆಯಲ್ಲಿ 21 ಡಿಗ್ರಿಯಿದ್ದರೂ ಮಣ್ಣಿನಲ್ಲಿ 9 ಡಿಗ್ರಿ ಮಾತ್ರ ಇತ್ತು. ಕುಂಡವನ್ನು ಹಿಂದಕ್ಕೆ ಸರಿಸಿ ಮರದ ಮಣೆಯ ಮೇಲೇರಿಸಿದ್ದೇನೆ. ಎಲೆಗಳ ಬೆನ್ನಿನಲ್ಲಿ ಕೀಟಗಳಿಲ್ಲ. ಮೊಗ್ಗುಗಳನ್ನು ಉಳಿಸಿಕೊಳ್ಳಬಹುದೇ? ಮನೆಯೊಳಗೆ ಜೇನುನೊಣಗಳಿಲ್ಲದೆ ಕಾಯಿ ಕಚ್ಚುತ್ತದೆಯೇ?

ಒಟ್ಟಾವಾ_ಕಾವೇರಿ

ಕಚ್ಚುತ್ತದೆ. ಮೇಯರ್ ನಿಂಬೆಗೆ ಇನ್ನೊಂದು ಗಿಡದ ಪರಾಗ ಬೇಕಾಗಿಲ್ಲ. ಹೂ ಅರಳಿದಾಗ ಮೆತ್ತನೆಯ ಕುಂಚವನ್ನು ಹೂವಿಂದ ಹೂವಿಗೆ ಆಡಿಸಿದರೆ ಸಾಕು. ಆದರೆ ಕಾಯಿ ಬಲಿತು ಹಣ್ಣಾಗಲು ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ, ಅದನ್ನು ಪೋಷಿಸಬೇಕಾದದ್ದು ಎಲೆಗಳೇ. ನಿಮ್ಮ ಗಿಡ ಅರ್ಧ ಬರಿದಾಗಿರುವಾಗ, ಎಲೆ ಉಳಿದಿರುವ ಕೊಂಬೆಗಳಲ್ಲಿ ಒಂದೆರಡು ಗೊಂಚಲನ್ನು ಬಿಟ್ಟು ಉಳಿದ ಮೊಗ್ಗುಗಳನ್ನು ಚಿವುಟುವುದು ಲೇಸು. ಬರಿದಾದ ಕೊಂಬೆಗಳನ್ನು ಈಗಲೇ ಕತ್ತರಿಸಬೇಡಿ. ತೊಗಟೆಯನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ ಅವು ಜೀವಂತವಾಗಿವೆ, ಹೊಸ ಎಲೆಗಳು ಬರುತ್ತವೆ. ಬುಡದ ಕಸಿಯ ಗಂಟಿನ ಕೆಳಗಿನಿಂದ ಮೂರೆಲೆ ಕೂಡಿದ ಚಿಗುರು ಹೊರಟರೆ ಅದು ಬೇರುಗಿಡದ್ದು, ಅಂದರೆ ಮೇಯರ್ ಕಸಿ ಕಟ್ಟಿದ ಕೆಳಗಿನ ಬೇರೆ ಜಾತಿಯ ಗಿಡದ್ದು. ಅದನ್ನು ಮಾತ್ರ ಕೂಡಲೇ ಮುರಿದು ತೆಗೆಯಿರಿ.