ತೊಗರಿ ದಾಖಲೆಗಳ ಹುಡುಕಾಟದ ಟೂಲ್: ಏಜೆಂಟಿಗೆ ಎಷ್ಟು ವಿವರಿಸಬೇಕು?

ತೊಗರಿಕಣ, ಕಲಬುರಗಿ:
ತೊಗರಿ ಬೆಳೆಗಾರರಿಗಾಗಿ ಕೂಡಿಹಾಕಿದ ಸುತ್ತೋಲೆ ಮತ್ತು ಸಲಹಾಪತ್ರಗಳನ್ನು ಎಐ ಏಜೆಂಟ್ ಹುಡುಕಲೆಂದು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ಪಠ್ಯ ಹುಡುಕುವ ಭಾಗವಾದ ಎಫ್‌ಟಿಎಸ್5 ಮೇಲೆ ನಮ್ಮ ಗುಂಪು ಕೀವರ್ಡ್ ಟೂಲ್ ಒಂದನ್ನು ಕಟ್ಟಿದೆ. ಏಜೆಂಟ್ ಓದಲೆಂದು ಬರೆದ ಅದರ ವಿವರಣೆಯಲ್ಲಿ ಸದ್ಯ ಇರುವುದು ‘ದಾಖಲೆಗಳಲ್ಲಿ ಪದ ಹುಡುಕುತ್ತದೆ’ ಎಂಬ ಒಂದೇ ಸಾಲು. ಇದು ಏನೇನೂ ಸಾಲದು. ಮನುಷ್ಯರು ನಾಲ್ಕು ಪದ ಹಾಕಿ ನೋಡಿ ಟೂಲಿನ ಗುಣ ಅರಿತುಕೊಳ್ಳುತ್ತಾರೆ. ಏಜೆಂಟಿಗೆ ಪ್ರತಿ ಸಂಭಾಷಣೆಯೂ ಹೊಸದಾಗಿರುವುದರಿಂದ ನಾವು ಬರೆದುಕೊಟ್ಟದ್ದೇ ಅದರ ತಿಳಿವಳಿಕೆ. ಹಲವು ಪದ ಕೊಟ್ಟರೆ ಅವೆಲ್ಲವೂ ಇರುವ ದಾಖಲೆ ಮಾತ್ರ ಬರುತ್ತದೆ ಎಂಬುದನ್ನೂ, ರೈತರು ‘ನೆಟೆ ರೋಗ’ ಎನ್ನುವುದನ್ನು ಸಲಹಾಪತ್ರವು ‘ಸೊರಗು ರೋಗ’ ಎಂದಿದ್ದರೆ ಟೂಲ್ ತಾನಾಗಿ ಹೊಂದಿಸುವುದಿಲ್ಲ ಎಂಬುದನ್ನೂ ಒಂದು ಪುಟದಲ್ಲಿ ಬರೆಯಲೇಬೇಕು.

ಬಿದ್ರಿಕಲೆ, ಬೀದರ್:
‘ಒಂದು ಪುಟ’ ಎಂದಿರಿ. ಟೂಲನ್ನು ಬಳಸಲಿ, ಬಿಡಲಿ, ಅದರ ವಿವರಣೆ ಪ್ರತಿ ಸಂಭಾಷಣೆಯಲ್ಲೂ ಏಜೆಂಟಿನ ಎಐ ಮಾದರಿಯ ಮುಂದೆ ಇರುತ್ತದೆ. ಅದರಲ್ಲೂ ಕನ್ನಡ ಪಠ್ಯಕ್ಕೆ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾದರಿ ಓದುವ ಪಠ್ಯದ ತುಣುಕು) ಬೇಕಾಗುತ್ತದೆ. ಹತ್ತು ಟೂಲುಗಳಿಗೆ ಹತ್ತು ಪುಟ ಬರೆದರೆ ರೈತರ ಪ್ರಶ್ನೆಗೆ ಉಳಿಯುವ ಜಾಗವೆಷ್ಟು?

ಭೀಮಾತೀರ, ಯಾದಗಿರಿ:
ಜಾಗದ ಲೆಕ್ಕ ಹಾಕುವವರು ತಪ್ಪು ಉತ್ತರದ ಲೆಕ್ಕವನ್ನೂ ಹಾಕಬೇಕು. ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಎಂಬ ಆದೇಶವು ಪದ ಸಿಗದಿದ್ದರೆ 1 ಎಂದೂ ದೋಷವಾದರೆ 2 ಎಂದೂ ಬೇರೆ ಬೇರೆ ಸಂಕೇತ ಕೊಡುತ್ತದೆ. ಇಂಥ ಭೇದವನ್ನು ನಮ್ಮ ಟೂಲಿನ ವಿವರಣೆ ಹೇಳದಿದ್ದರೆ, ದೋಷವಾದಾಗಲೂ ಏಜೆಂಟ್ ‘ಮಾಹಿತಿ ಇಲ್ಲ’ ಎಂದು ರೈತರಿಗೆ ಹೇಳಿಬಿಡುತ್ತದೆ. ಇನ್ನೊಂದು ವಿಷಯವೆಂದರೆ, ಹಾಗೆ ಆರಂಭವಾಗುವ ಪದಗಳೆಲ್ಲ ಬೇಕೆಂದು ನಕ್ಷತ್ರ ಚಿಹ್ನೆ ಹಾಕಿ ‘ನೀರು*’ ಎಂದು ಹುಡುಕಿದರೆ ‘ನೀರಿನ’, ‘ನೀರಿಗೆ’ ಸಿಗುವುದಿಲ್ಲ. ಕೊನೆಯ ಉಕಾರ ಬಿಟ್ಟು ‘ನೀರ*’ ಎಂದು ಕೊಡಬೇಕು. ಇದನ್ನು ಉದಾಹರಣೆಯೊಂದಿಗೆ ಬರೆಯಬೇಕು.

ಬಿದ್ರಿಕಲೆ, ಬೀದರ್:
‘ನೀರ*’ ಎಂದು ಕೊಟ್ಟರೆ ‘ನೀರಸ’, ‘ನೀರವ’ ಕೂಡ ಬರುತ್ತವೆ. ವಿಭಕ್ತಿ ಪ್ರತ್ಯಯ ಕಳಚುವುದು ಕೋಡಿನ ಕೆಲಸ. ಟೂಲಿನ ಕೊರತೆಯನ್ನು ವಿವರಣೆಯಿಂದ ಮುಚ್ಚುವುದು ಸರಿಯಲ್ಲ.

ಸುರಪುರದವ, ಯಾದಗಿರಿ:
ಇಬ್ಬರೂ ಪರೀಕ್ಷಿಸದೆ ಬರೆಯುತ್ತಿದ್ದೀರಿ. ಎಫ್‌ಟಿಎಸ್5ರ ಮೂಲ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಆದ ಯೂನಿಕೋಡ್61 ಅಕ್ಷರ ಮತ್ತು ಅಂಕಿಗಳ ವರ್ಗವನ್ನು ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆಗಳು ಬೇರೆ ವರ್ಗದಲ್ಲಿರುವುದರಿಂದ ಅವು ಪದವನ್ನು ಒಡೆಯುತ್ತವೆ. ‘ತೊಗರಿ’ ಎಂಬುದು ‘ತ’, ‘ಗರ’ ಎಂದು ಎರಡು ತುಂಡಾಗುತ್ತದೆ. ‘ನೀರು’, ‘ನೂರು’, ‘ನಾರು’ ಮೂರೂ ‘ನ’, ‘ರ’ ಆಗುತ್ತವೆ. ಆದ್ದರಿಂದ ‘ನೀರು*’ ಎಂದರೆ ‘ನೀರಿನ’ ಸಿಗುತ್ತದೆ, ಜೊತೆಗೆ ‘ನೂರು’ ಕೂಡ.

ಭೀಮಾತೀರ, ಯಾದಗಿರಿ:
‘ಪರೀಕ್ಷಿಸದೆ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಾನು ಹೇಳಿದ್ದು ಇದೇ ಗುಂಪಿನ ಟೂಲಿನ ವಿಷಯ, ಎಫ್‌ಟಿಎಸ್5ರ ಮೂಲ ಸ್ಥಿತಿಯ ವಿಷಯವಲ್ಲ.

ತೊಗರಿಕಣ, ಕಲಬುರಗಿ:
ಹೌದು, ಕ್ಯಾಟೆಗರೀಸ್ ಎಂಬ ಆಯ್ಕೆಯಲ್ಲಿ ಸ್ವರಚಿಹ್ನೆಗಳ ವರ್ಗಗಳನ್ನು ನಾವು ಸೇರಿಸಿದ್ದೇವೆ. ಆದ್ದರಿಂದ ನಮ್ಮಲ್ಲಿ ‘ನೀರು’ ಇಡೀ ಪದವಾಗಿಯೇ ಉಳಿಯುತ್ತದೆ.

ಸುರಪುರದವ, ಯಾದಗಿರಿ:
ಸೇರಿಸಿದ್ದನ್ನು ಮೊದಲೇ ಎಲ್ಲಿ ಬರೆದಿದ್ದೀರಿ? ಓದುವವರಿಗೆ ಹೇಳದ ಸಂಗತಿಯನ್ನು ಆಧಾರವಾಗಿಟ್ಟುಕೊಂಡು ವಾದಿಸಬೇಡಿ.

ಬಿದ್ರಿಕಲೆ, ಬೀದರ್:
‘ಸೇರಿಸಿದ್ದೇವೆ’ ಎಂದಾಗಲೇ ನನ್ನ ವಾದ ಗೆದ್ದಿತು. ಸ್ವರಚಿಹ್ನೆಯ ತೊಡಕನ್ನು ನೀವು ಬಿಡಿಸಿದ್ದು ಕೋಡಿನಲ್ಲಿ. ಅದಕ್ಕಾಗಿ ಏಜೆಂಟಿಗೆ ಒಂದು ಸಾಲನ್ನೂ ಬರೆಯಬೇಕಾಗಿ ಬರಲಿಲ್ಲ.

ತೊಗರಿಕಣ, ಕಲಬುರಗಿ:
ಅದು ಒಂದು ಆಯ್ಕೆ ಬದಲಿಸಿದರೆ ಮುಗಿಯುವ ಕೆಲಸವಾಗಿತ್ತು. ಪ್ರತ್ಯಯದ ಪ್ರಶ್ನೆ ಹಾಗಲ್ಲ. ಎಫ್‌ಟಿಎಸ್5ರ ಜೊತೆಗೆ ಬರುವ, ಪ್ರತ್ಯಯ ಕಳಚುವ ಪೋರ್ಟರ್ ಎಂಬ ಭಾಗ ಇಂಗ್ಲಿಷ್ ಪದಗಳಿಗಷ್ಟೇ ಹೊಂದುತ್ತದೆ. ಕನ್ನಡದ ಪ್ರತ್ಯಯ ಕಳಚುವ ಕೋಡ್ ಸಿದ್ಧವಾಗುವವರೆಗೆ ರೈತರು ಕಾಯುವುದಿಲ್ಲ. ಈ ಮುಂಗಾರಿನಲ್ಲೇ ಅವರು ನೆಟೆ ರೋಗದ ಬಗ್ಗೆ ಕೇಳುತ್ತಾರೆ.

ಭೀಮಾತೀರ, ಯಾದಗಿರಿ:
ನೆಟೆ ರೋಗವೇ ಮುಖ್ಯ ವಿಷಯವಾಗಿತ್ತು. ಅದನ್ನು ಬಿಟ್ಟು ಎಲ್ಲರೂ ‘ನೀರು’ ಹಿಡಿದು ಕುಳಿತಿದ್ದೀರಿ. ಗಿಡ ಒಣಗುತ್ತಿರುವಾಗ ಕೇಳಿದ ರೈತನಿಗೆ, ದಾಖಲೆ ಇದ್ದೂ ಇಲ್ಲವೆಂಬ ಉತ್ತರ ಹೋದರೆ ಅದರ ಹೊಣೆ ವಿವರಣೆ ಬರೆಯದ ನಮ್ಮ ಮೇಲೆಯೇ ಬರುತ್ತದೆ.

ಬಿದ್ರಿಕಲೆ, ಬೀದರ್:
‘ಹೊಣೆ’ ಎಂಬ ಭಾರದ ಮಾತಿನಿಂದ ಟೋಕನ್ ಕಡಿಮೆಯಾಗುವುದಿಲ್ಲ. ಮೂರು ವಾಕ್ಯ ಬರೆಯಿರಿ: ಕೊಟ್ಟ ಪದಗಳೆಲ್ಲ ಇರುವ ದಾಖಲೆಯೇ ಬರುತ್ತದೆ, ಏನೂ ಸಿಗದಿದ್ದರೆ ಪದ ಕಡಿಮೆ ಮಾಡಿ ಅಥವಾ ಸಮಾನಾರ್ಥಕ ಪದ ಹಾಕಿ ಮತ್ತೆ ಹುಡುಕಬೇಕು, ದೋಷ ಬಂದರೆ ಅದನ್ನು ದೋಷವೆಂದೇ ಹೇಳಬೇಕು. ಉದಾಹರಣೆಗಳು ಬೇಡ.

ತೊಗರಿಕಣ, ಕಲಬುರಗಿ:
ಮೂರು ವಾಕ್ಯಗಳನ್ನು ಹಾಗೆಯೇ ಸೇರಿಸುತ್ತೇನೆ. ಆದರೆ ‘ಉದಾಹರಣೆಗಳು ಬೇಡ’ ಎಂಬುದಕ್ಕೆ ನನ್ನ ಒಪ್ಪಿಗೆಯಿಲ್ಲ. ‘ನೆಟೆ’ಗೆ ‘ಸೊರಗು’ ಸಮಾನಾರ್ಥಕವೆಂದು ಏಜೆಂಟಿಗೆ ಬೇರೆಲ್ಲಿಂದ ತಿಳಿಯಬೇಕು?

ಸುರಪುರದವ, ಯಾದಗಿರಿ:
ಸ್ವರಚಿಹ್ನೆಯ ವರ್ಗಗಳನ್ನು ಸೇರಿಸಿದ ಸಂಗತಿಯನ್ನು ಕನಿಷ್ಠ ಟೂಲ್ ಕಟ್ಟುವವರ ಕೈಪಿಡಿಯಲ್ಲಾದರೂ ಬರೆಯುವಿರೋ ಇಲ್ಲವೋ, ಅದನ್ನು ಮೊದಲು ಹೇಳಿ.